ಮಾನವಶಾಸ್ತ್ರವನ್ನೋದಿದವರಿಗೆ ಉಡುಪಿಯ ಸೀಮೆಯಲ್ಲಿರುವ ಕಾರ್ಯ

(ಶ್ರೀಮಠದ ಸುವರ್ಣ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಸನ್ನಿಧಿಯವರ ಅಪ್ಪಣೆಯಂತೆ ಈ ದಿವಸ ನಾನು ತಮ್ಮ ಮುಂದೆ ನಿಂತಿರುವೆನು. ನನ್ನ ವಿದ್ಯೆಯೆಲ್ಲ ಪಾಠಶಾಲೆಯದು. ವ್ಯಾಕರಣ, ಕಾವ್ಯ, ತರ್ಕ ಇವುಗಳ ನಾಲ್ಕು ಮಾತುಗಳನ್ನು ಗುರುಮುಖದಿಂದ ಕೇಳಿ, ಅವನ್ನೇ ಮೂವತ್ತು ವರ್ಷಗಳಿಂದ ಹುಡುಗರಿಗೆ ಹೇಳುತ್ತ ಬಂದವನು. ಇಂಥವನು ಮಾನವಶಾಸ್ತ್ರ, ಸಾಕ್ಷ್ಯಚಿತ್ರ ಎಂಬ ಹೊಸ ವಿಷಯಗಳ ಮೇಲೆ ಮಾತನಾಡಹೊರಟಿರುವದು ತಮಗೆ ವಿಚಿತ್ರವಾಗಿ ತೋರಬಹುದು. ಆದುದರಿಂದ ಈ ವಿಷಯವು ನನ್ನ ಪಾಲಿಗೆ ಬಂದ ಬಗೆಯನ್ನು ಮೊದಲು ಅರಿಕೆ ಮಾಡಿಕೊಳ್ಳುವೆನು.

ನಮ್ಮ ಪ್ರಸಾದನಿಲಯದಲ್ಲಿದ್ದು ಓದಿದ ಇಬ್ಬರು ಹುಡುಗರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರದ ಸ್ನಾತಕೋತ್ತರ ತರಗತಿಯನ್ನು ಸೇರಿದರು. ಅವರಲ್ಲೊಬ್ಬನ ತಂದೆ, ನಾಲ್ಕೆಕರೆ ಮಳೆಯಾಶ್ರಯದ ಹೊಲವನ್ನು ನಂಬಿ ಬದುಕುವ ಒಕ್ಕಲಿಗರು. ಒಂದು ಸೋಮವಾರ ಮಠಕ್ಕೆ ಬಂದವರು ನನ್ನ ಕೋಣೆಯ ಹೊಸ್ತಿಲ ಬಳಿ ಕುಳಿತು, “ಶಾಸ್ತ್ರಿಗಳೇ, ಮನುಷ್ಯರನ್ನು ನೋಡುವದನ್ನು ಕಲಿಯಲಿಕ್ಕೆ ಎರಡು ವರ್ಷ ಬೇಕೆ? ಕಲಿತ ಮೇಲೆ ಹೊಟ್ಟೆಗೇನು?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಆ ವರ್ಷವೇ ಹುಡುಗರಿಬ್ಬರೂ ಅಭ್ಯಾಸಕ್ಕಾಗಿ ಉಡುಪಿಯ ಕಡೆಗೆ ಹೊರಟಾಗ, ಸನ್ನಿಧಿಯವರು ನನ್ನನ್ನೂ ಜೊತೆಗೆ ಹೋಗಿಬರುವಂತೆ ಅಪ್ಪಣೆ ಕೊಡಿಸಿದರು. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಈ ನಾಲ್ಕು ಊರುಗಳಲ್ಲಿ ಮೂರು ವಾರ ಅವರೊಡನೆ ತಿರುಗಾಡಿದೆನು. ಅಲ್ಲಿ ಕಂಡದ್ದು, ಕೇಳಿದ್ದು, ಆ ಬಳಿಕ ಓದಿ ತಿಳಿದುಕೊಂಡದ್ದು ಇವನ್ನು ಕೂಡಿಸಿ, ಆ ತಂದೆಗೆ ಅಂದು ಹೇಳಲಾರದೆ ಹೋದ ಉತ್ತರವನ್ನು ಇಂದು ಹೇಳಲೆಳಸುವೆನು.

ಮಾನವಶಾಸ್ತ್ರವೆಂದರೆ ಮನುಷ್ಯನು ಕೂಡಿ ಬಾಳುವ ರೀತಿಯನ್ನು, ಅವನ ನಡುವೆ ಇದ್ದುಕೊಂಡೇ ಅರಿಯುವ ಶಾಸ್ತ್ರ. ಬೇರೆ ಶಾಸ್ತ್ರಗಳಲ್ಲಿ ಗ್ರಂಥವೇ ಪ್ರಮಾಣ. ಇಲ್ಲಿ ಊರೇ ಗ್ರಂಥ. ನಮ್ಮ ನಾಡಿನ ಎಂ. ಎನ್. ಶ್ರೀನಿವಾಸರು ೧೯೪೮ರಲ್ಲಿ ಮೈಸೂರಿನ ಬಳಿಯ ಒಂದು ಹಳ್ಳಿಯಲ್ಲಿ ಮನೆಮಾಡಿ, ಒಕ್ಕಲುತನ, ನೆರೆಹೊರೆ, ಜಗಳ, ಹಬ್ಬ ಎಲ್ಲವನ್ನೂ ಕಂಡು ಬರೆದುಕೊಂಡರು. ಆ ಹಳ್ಳಿಯನ್ನು ಅವರು ‘ರಾಮಪುರ’ವೆಂದು ಕರೆದರು. ಹದಿನೆಂಟು ವರ್ಷಗಳ ಕಾಲ ತಿದ್ದಿ ಅಳವಡಿಸಿದ ಆ ಟಿಪ್ಪಣಿಗಳ ಮೂರು ಪ್ರತಿಗಳೂ ೧೯೭೦ರ ಏಪ್ರಿಲ್ ತಿಂಗಳಲ್ಲಿ, ಅವರು ಅಮೇರಿಕೆಯ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ, ದುಷ್ಕರ್ಮಿಗಳು ಹಚ್ಚಿದ ಬೆಂಕಿಯಲ್ಲಿ ಸುಟ್ಟುಹೋದವು. ಅವರು ಎದೆಗುಂದಿದರೂ ಕೈಬಿಡದೆ, ನೆನಪಿನ ಬಲದಿಂದಲೇ ಆ ಊರನ್ನು ಮತ್ತೆ ಬರೆದರು. ‘ನೆನಪಿನ ಹಳ್ಳಿ’ ಎಂದು ಹೆಸರಾದ ಆ ಗ್ರಂಥವು ೧೯೭೬ರಲ್ಲಿ ಇಂಗ್ಲೀಷಿನಲ್ಲಿ ಹೊರಬಂದಿತು. ಇದರಿಂದ ಎರಡು ಮಾತು ತಿಳಿಯುವವು. ಊರಿನಲ್ಲಿ ನಿಜವಾಗಿ ಬಾಳಿದವನ ಒಳಗೆ ಊರು ಉಳಿಯುವದೆಂಬುದು ಒಂದು. ಎಷ್ಟು ಶ್ರಮಪಟ್ಟು ಕೂಡಿಹಾಕಿದ್ದಾದರೂ ಒಂದೇ ಸ್ಥಳದಲ್ಲಿಟ್ಟರೆ ಒಂದು ರಾತ್ರಿಯಲ್ಲಿ ಹೋಗಬಹುದೆಂಬುದು ಇನ್ನೊಂದು.

ಈ ಶಾಸ್ತ್ರಕ್ಕೆ ಚಲಚ್ಚಿತ್ರವು ಜೊತೆಗೂಡಿ ನೂರಿಪ್ಪತ್ತು ವರ್ಷಗಳಿಗೂ ಮೇಲಾಯಿತು. ೧೮೯೮ರಲ್ಲಿ ಹ್ಯಾಡನ್ ಎಂಬ ಇಂಗ್ಲೀಷ್ ವಿದ್ವಾಂಸರು ಆಸ್ಟ್ರೇಲಿಯದ ಉತ್ತರದ ಟಾರಸ್ ಜಲಸಂಧಿಯ ದ್ವೀಪಗಳಿಗೆ ಹೋದಾಗ ಚಲಚ್ಚಿತ್ರದ ಯಂತ್ರವನ್ನು ಒಯ್ದು ಅಲ್ಲಿಯ ಜನರ ಕುಣಿತವನ್ನು ಹಿಡಿದರು. ೧೯೨೨ರಲ್ಲಿ ಫ್ಲಾಹರ್ಟಿ ಎಂಬುವರು ಉತ್ತರ ಕೆನಡದ ಹಿಮಪ್ರದೇಶದ ಒಂದು ಕುಟುಂಬದ ಬಾಳನ್ನು ಚಿತ್ರಿಸಿ ಜಗತ್ತಿಗೆ ತೋರಿಸಿದರು. ಅದು ಬಹು ಪ್ರಸಿದ್ಧವಾಯಿತು. ಆದರೆ ಆ ಜನರು ಆಗಲೇ ಬಂದೂಕನ್ನು ಬಳಸುತ್ತಿದ್ದರೂ ಚಿತ್ರದ ಸಲುವಾಗಿ ಹಳೆಯ ಈಟಿಯಿಂದ ಬೇಟೆಯಾಡಿಸಿದರು. ಬೆಳಕು ಸಾಲದೆಂದು ಹಿಮದ ಮನೆಯನ್ನು ಅರ್ಧಕ್ಕೆ ತೆರೆದಿಟ್ಟು ಒಳಗೆ ಮಲಗಿಸಿದರು. ಸಾಕ್ಷ್ಯಚಿತ್ರವೆಂಬ ಹೆಸರಿನಲ್ಲಿ ಸಾಕ್ಷಿ ಎಷ್ಟು, ಚಿತ್ರ ಎಷ್ಟು ಎಂಬ ವಿವಾದವು ಅಂದಿನಿಂದ ನಡೆದುಬಂದಿದೆ. ನಮ್ಮ ವಿದ್ಯಾರ್ಥಿಯು ಯಂತ್ರವನ್ನು ಮುಟ್ಟುವ ಮೊದಲೇ ಈ ವಿವಾದವನ್ನು ಓದಿರಬೇಕು. ಕರಾವಳಿಗೂ ಈ ಕಲೆ ಹೊಸದಲ್ಲ. ಕೋಟದ ಶಿವರಾಮ ಕಾರಂತರು ೧೯೩೦, ೧೯೩೧ರ ಸುಮಾರಿಗೇ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಎರಡು ಮೂಕಚಿತ್ರಗಳನ್ನು ತೆಗೆದಿದ್ದರೆಂಬುದನ್ನು ಇಲ್ಲಿ ನೆನೆಯಬಹುದು.

ಇನ್ನು ಉಡುಪಿಯ ಸೀಮೆಯೇ ಏಕೆ ಎಂದು ಕೇಳುವಿರಿ. ಕೆಲವೇ ಹರದಾರಿಗಳೊಳಗೆ ಇಷ್ಟು ಬಗೆಯ ಬಾಳುವೆಯೂ, ಅದನ್ನು ಅಭ್ಯಾಸಮಾಡಿದ ಇಷ್ಟು ಹಿರಿದಾದ ಪರಂಪರೆಯೂ ಒಟ್ಟಿಗೆ ಸಿಗುವ ಸ್ಥಳಗಳು ನಮ್ಮ ನಾಡಿನಲ್ಲಿ ವಿರಳ. ತುಳು, ಕನ್ನಡ, ಕೊಂಕಣಿ, ಬ್ಯಾರಿ, ಕೊರಗ ಮೊದಲಾದ ನುಡಿಗಳು ಅಲ್ಲಿ ಒಂದೇ ಸಂತೆಯಲ್ಲಿ ಕಿವಿಗೆ ಬೀಳುವವು. ಉಡುಪಿಯ ಅಷ್ಟಮಠಗಳಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಪರ್ಯಾಯ. ಮಲ್ಪೆಯಲ್ಲಿ ದೊಡ್ಡ ಮೀನುಗಾರಿಕೆಯ ಬಂದರು. ಉಡುಪಿಯ ತೆಂಕಲಿಗೆ ಕಡಲಂಚಿನಲ್ಲಿ ಕಾಪು. ಅಲ್ಲಿ ೧೯೦೧ರ ದೀಪಸ್ತಂಭ, ಮೂರು ಮಾರಿಗುಡಿಗಳು, ಮೊಗವೀರರ ಕೇರಿಗಳು. ಒಳನಾಡಿನಲ್ಲಿ ಕಾರ್ಕಳ, ೧೪೩೨ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ ೪೨ ಅಡಿಯ ಗೊಮ್ಮಟ, ೧೫೮೬ರಲ್ಲಿ ಕಟ್ಟಿದ ಚತುರ್ಮುಖ ಬಸದಿ, ಜನವರಿಯಲ್ಲಿ ನಾನಾ ಮತದ ಜನ ಸೇರುವ ಅತ್ತೂರಿನ ಸಂತ ಲಾರೆನ್ಸರ ಜಾತ್ರೆ. ಅಲ್ಲಿಯ ಶಿಲ್ಪಿಗಳ ಕುಶಲತೆ ಹಳೆಯ ಕಾಲದೊಂದಿಗೆ ಮುಗಿದುಹೋದದ್ದಲ್ಲ. ಧರ್ಮಸ್ಥಳದ ೩೯ ಅಡಿಯ ಬಾಹುಬಲಿಯನ್ನು ಕಾರ್ಕಳದಲ್ಲಿಯೇ ರೆಂಜಾಳ ಗೋಪಾಲ ಶೆಣೈಯವರು ಕಡೆದರು, ೧೯೭೩ರಲ್ಲಿ ಅದನ್ನು ಸಾಗಿಸಿದರು, ೧೯೮೨ರಲ್ಲಿ ಪ್ರತಿಷ್ಠೆಯಾಯಿತು. ಉಳಿಯ ಸದ್ದು ಇಂದಿಗೂ ಅಲ್ಲಿ ಕೇಳಿಸುವದು. ಒಬ್ಬ ಶಿಲ್ಪಿಯು ಕಲ್ಲನ್ನು ಆರಿಸುವದರಿಂದ ಹಿಡಿದು ಕಣ್ಣು ತೆರೆಯಿಸುವವರೆಗಿನ ಕೆಲಸವನ್ನು ಹಿಡಿದಿಟ್ಟರೆ ಅದೊಂದೇ ಒಂದು ಒಳ್ಳೆಯ ಚಿತ್ರವಾದೀತು.

ಇವೆಲ್ಲವನ್ನೂ ನಮಗಿಂತ ಮೊದಲೇ ಕಂಡವರು ಬಹಳ ಮಂದಿ. ಬಾಸೆಲ್ ಮಿಶನ್ನಿನ ಮ್ಯಾನರ್ ಎಂಬ ಪಾದ್ರಿಗಳು ೧೮೮೬ರಲ್ಲಿ ತುಳು ಪಾಡ್ದನಗಳನ್ನೂ ತುಳು ನಿಘಂಟನ್ನೂ ಮಂಗಳೂರಿನಲ್ಲಿ ಅಚ್ಚುಮಾಡಿದರು. ನ್ಯಾಯಾಧೀಶರಾಗಿದ್ದ ಬರ್ನೆಲ್ಲರು ಕೂಡಿಸಿದ ಭೂತಾರಾಧನೆಯ ಸಾಮಗ್ರಿಯು ಅವರ ನಿಧನಾನಂತರ ೧೮೯೪ರಿಂದ ಪ್ರಕಟವಾಯಿತು. ನಮ್ಮ ಕಾಲಕ್ಕೆ ಬಂದರೆ, ೧೯೪೯ರಲ್ಲಿ ಸ್ಥಾಪಿತವಾದ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆವರಣವೇ ಇದರ ಕೇಂದ್ರ. ಅಲ್ಲಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ೧೯೭೯ರಲ್ಲಿ ತುಳು ನಿಘಂಟಿನ ಕಾರ್ಯ ತೊಡಗಿತು, ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳು ೧೯೮೮ರಿಂದ ೧೯೯೭ರೊಳಗೆ ಹೊರಬಂದವು. ಅದೇ ಆವರಣದಲ್ಲಿ ಪ್ರೊ. ಕು. ಶಿ. ಹರಿದಾಸ ಭಟ್ಟರ ಶ್ರಮದಿಂದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಹುಟ್ಟಿ, ಕೋಲ, ಯಕ್ಷಗಾನ ಮೊದಲಾದವುಗಳನ್ನು ಧ್ವನಿ ಚಿತ್ರಗಳಲ್ಲಿ ಹಿಡಿದಿಡುವ ಕೆಲಸವನ್ನು ಕೈಕೊಂಡಿತು. ಪರದೇಶದ ವಿದ್ಯಾರ್ಥಿಗಳೂ ಬಂದರು. ಮಾರ್ಥಾ ಬುಶ್ ಆಷ್ಟನ್ ಎಂಬ ಅಮೇರಿಕೆಯ ಹೆಣ್ಣುಮಗಳು ಬಡಗುತಿಟ್ಟಿನ ಯಕ್ಷಗಾನವನ್ನು ಅಭ್ಯಸಿಸಿ ಗ್ರಂಥ ಬರೆದಳು. ಪೀಟರ್ ಕ್ಲಾಸ್ ಎಂಬ ಅಮೇರಿಕೆಯ ಮಾನವಶಾಸ್ತ್ರಜ್ಞರು ಯುವಕರಾಗಿ ಬಂದು ತುಳುವರ ಅಳಿಯಸಂತಾನವನ್ನೂ ಸಿರಿಯ ಆಚರಣೆಯನ್ನೂ ಅರಿಯುವದಕ್ಕೆ ತಮ್ಮ ಜೀವಮಾನದ ಬಹುಭಾಗವನ್ನು ಕೊಟ್ಟರು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ಸಿರಿಕಾವ್ಯದ ದಾಖಲೆ. ೧೯೯೦ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹಾಂಕೊ ದಂಪತಿಗಳೂ, ನಮ್ಮವರೇ ಆದ ಪ್ರೊ. ವಿವೇಕ ರೈ, ಪ್ರೊ. ಚಿನ್ನಪ್ಪ ಗೌಡರೂ ಕೂಡಿ, ಉಜಿರೆಯ ಸಮೀಪದ ಮಾಚಾರಿನ ಗೋಪಾಲ ನಾಯ್ಕರ ಬಾಯಿಂದ ಸಿರಿಯ ಕಥೆಯನ್ನು ದಿನಗಟ್ಟಲೆ ಹಾಡಿಸಿ ಧ್ವನಿಯಲ್ಲಿಯೂ ಚಿತ್ರದಲ್ಲಿಯೂ ಹಿಡಿದರು. ಬರಹಕ್ಕಿಳಿಸಿದಾಗ ೧೫,೬೮೩ ಸಾಲುಗಳಾದವು. ಗ್ರೀಕರ ಇಲಿಯಡ್ ಮಹಾಕಾವ್ಯದ ಗಾತ್ರವೂ ಹೆಚ್ಚುಕಡಿಮೆ ಇಷ್ಟೇ. ಒಬ್ಬ ಒಕ್ಕಲಿಗನ ಕಂಠದಲ್ಲಿ ಅಷ್ಟೊಂದು ಕಾವ್ಯವು ಕುಳಿತಿತ್ತು! ಕೇಳಿಸಿಕೊಂಡದ್ದನ್ನು ಬರೆದು, ಅನುವಾದಿಸಿ, ತಾಳೆನೋಡಿ ಅಚ್ಚುಹಾಕುವದಕ್ಕೆ ಏಳೆಂಟು ವರ್ಷಗಳು ಹಿಡಿದವು. ೧೯೯೮ರಲ್ಲಿ ಹೆಲ್ಸಿಂಕಿಯಿಂದ ಗ್ರಂಥವು ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲಿಯೇ ‘ಗೋಪಾಲ ನಾಯ್ಕರು ಹಾಡಿದಂತೆ’ ಎಂದು ಹೆಸರು ಹಾಕಿರುವರು. ವಿದ್ಯಾರ್ಥಿಗಳೇ, ಈ ಒಂದು ಸಂಗತಿಯನ್ನು ಮರೆಯಬೇಡಿರಿ. ಹಾಡಿದವರ ಹೆಸರು ಅಡಿಟಿಪ್ಪಣಿಯಲ್ಲಿ ಅಡಗಲಿಲ್ಲ, ಮುಖಪುಟಕ್ಕೆ ಬಂದಿತು.

ಈ ಮಾತನ್ನು ನಾನು ಒತ್ತಿ ಹೇಳುವದಕ್ಕೆ ಕಾರಣವುಂಟು. ನನ್ನದೇ ಒಂದು ಅಪರಾಧವನ್ನು ಈ ಸಭೆಯ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಸುಮಾರು ೧೯೯೫ರಲ್ಲಿ, ನಾನಿನ್ನೂ ಪಾಠಶಾಲೆಯಿಂದ ಹೊರಬಂದ ಹೊಸತು, ಒಂದು ಧ್ವನಿಮುದ್ರಣದ ಯಂತ್ರವನ್ನು ಕಡ ತಂದು, ನಮ್ಮೂರಿನ ಒಬ್ಬ ಮುದುಕಿಯ ಬಾಯಿಂದ ಬೀಸುವ ಪದಗಳನ್ನು ಮೂರು ರಾತ್ರಿ ಹಾಡಿಸಿಕೊಂಡೆನು. ಆಕೆ ಹಗಲೆಲ್ಲ ಕೂಲಿ ಮಾಡಿ ದಣಿದಿದ್ದರೂ ಬೇಸರಿಸದೆ ಹಾಡಿದಳು. ನಾಲ್ಕು ಕ್ಯಾಸೆಟ್ಟುಗಳಾದವು. ಅವುಗಳ ಮೇಲೆ ಹೆಸರನ್ನಾಗಲಿ ದಿನಾಂಕವನ್ನಾಗಲಿ ಬರೆಯದೆ, ಮುಂದೆ ನೋಡಿದರಾಯಿತೆಂದು ತಗಡಿನ ಪೆಟ್ಟಿಗೆಯಲ್ಲಿ ಹಾಕಿ ಮರೆತೆನು. ಹತ್ತು ವರ್ಷಗಳ ಮೇಲೆ ಆಕೆ ತೀರಿಕೊಂಡಳು. ಆಕೆಯ ಮಗನು ಬಂದು, “ಅಪ್ಪಾವರೇ, ನಮ್ಮವ್ವನ ದನಿ ನಿಮ್ಮ ಕಡೆ ಇದೆಯಂತೆ, ಒಮ್ಮೆ ಕೇಳಿಸಿರಿ” ಎಂದನು. ಪೆಟ್ಟಿಗೆಯನ್ನು ತೆರೆದರೆ ಮಳೆಯ ತೇವದಿಂದ ಪಟ್ಟಿಗಳಿಗೆಲ್ಲ ಬೂಷ್ಟು ಹಿಡಿದಿತ್ತು. ಎರಡು ಹರಿದುಹೋದವು, ಮೂರನೆಯದರಲ್ಲಿ ಬರಿಯ ಗೊರಗೊರ ಶಬ್ದ, ನಾಲ್ಕನೆಯದರಲ್ಲಿ ಯಾರೋ ಶಾಲೆಯ ಹುಡುಗರ ಪ್ರಾರ್ಥನೆಯಿತ್ತು, ಅದರ ಮೇಲೆ ಮತ್ತೆ ಮುದ್ರಿಸಿಬಿಟ್ಟಿದ್ದರು. ಆ ಮಗನು ಏನೂ ಅನ್ನಲಿಲ್ಲ. ನಮಸ್ಕಾರ ಮಾಡಿ ಹೊರಟುಹೋದನು. ಆ ನಮಸ್ಕಾರವು ಇಂದಿಗೂ ನನ್ನ ಎದೆಯಲ್ಲಿ ಚುಚ್ಚುತ್ತಿರುವದು.

ವಚನದ ಓಲೆಗರಿಗಳನ್ನು ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಕೂಡಿಸದಿದ್ದರೆ ನಮಗೆ ಎಷ್ಟು ನಷ್ಟವಾಗುತ್ತಿತ್ತೆಂದು ನಾವು ವೇದಿಕೆಯ ಮೇಲೆ ನಿಂತು ಹೇಳುತ್ತೇವೆ. ನಾಲ್ಕು ಕ್ಯಾಸೆಟ್ಟುಗಳನ್ನು ಕಾಯಲಾರದ ನಾನು ಆ ಮಾತನ್ನು ಹೇಳುವಾಗಲೆಲ್ಲ ತಲೆ ತಗ್ಗಿಸುವೆನು. ಆದುದರಿಂದ, ಮಾನವಶಾಸ್ತ್ರವನ್ನೋದಿದ ವಿದ್ಯಾರ್ಥಿಗೆ ಸಿಗುವ ಮೊದಲನೆಯ ಕೆಲಸವು ಚಿತ್ರ ತೆಗೆಯುವದಲ್ಲ, ತೆಗೆದಿಟ್ಟ ಚಿತ್ರವನ್ನು ಕಾಯುವದೆಂದು ನಾನು ತಿಳಿದಿರುವೆನು. ಹಳೆಯ ಪಟ್ಟಿಗಳನ್ನು ಗಣಕಯಂತ್ರಕ್ಕೆ ಏರಿಸುವದು, ಯಾರು, ಎಲ್ಲಿ, ಯಾವಾಗ, ಯಾವ ಸಂದರ್ಭದಲ್ಲಿ ಎಂಬ ನಾಲ್ಕು ಮಾತುಗಳನ್ನು ಪ್ರತಿಯೊಂದಕ್ಕೂ ಬರೆಯುವದು, ಒಂದು ಪ್ರತಿಯನ್ನು ಬೇರೆ ಊರಿನಲ್ಲಿಡುವದು, ಇದು ಸಣ್ಣ ಕೆಲಸವಲ್ಲ. ಇಂಟರ್ನ್‌ಶಿಪ್ ಎಂದು ಈಗ ಕರೆಯುವ ಅಭ್ಯಾಸಸೇವೆಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ.

ಎರಡನೆಯ ಕೆಲಸ ಭಾಷೆಯದು. ತುಳು ಪಾಡ್ದನವನ್ನೋ ಕುಂದಾಪುರದ ಕಡೆಯ ಕನ್ನಡವನ್ನೋ ಕೇಳಿ ಇದ್ದದ್ದನ್ನು ಇದ್ದಂತೆ ಬರೆದು, ಚಿತ್ರದ ಕೆಳಗೆ ಬರುವ ಸಾಲುಗಳನ್ನು ಬೇರೆ ನುಡಿಯಲ್ಲಿ ಒದಗಿಸಬಲ್ಲವರು ಬಹಳ ಕಡಮೆ. ಪಾಠಶಾಲೆಯಲ್ಲಿ ಪದಚ್ಛೇದ, ಅನ್ವಯಗಳನ್ನು ಕಲಿತ ಹುಡುಗನು ತುಳುವನ್ನು ಒಂದು ವರ್ಷ ಶ್ರದ್ಧೆಯಿಂದ ಕಲಿತರೆ ಈ ಕೆಲಸಕ್ಕೆ ಯೋಗ್ಯನಾಗುವನು. ಮೂರನೆಯದು ಚಿತ್ರಕಾರರಿಗೆ ಕ್ಷೇತ್ರಸಹಾಯಕನಾಗಿರುವದು. ಜನರ ಗುರುತು ಮಾಡಿಕೊಂಡು, ವಿಷಯವನ್ನು ಓದಿ, ತಪ್ಪು ಹೇಳಿಕೆಗಳನ್ನು ತಿದ್ದುವದು. ನಾಲ್ಕನೆಯದು ತಾನೇ ಚಿತ್ರ ತೆಗೆಯುವದು. ಇದನ್ನು ಕೊನೆಗೆ ಹೇಳಿರುವದು ಬೇಕೆಂದೇ.

ಇವನ್ನು ಎಲ್ಲಿ ಕಲಿಯಬಹುದು? ಮಣಿಪಾಲವು ಉಡುಪಿಗೆ ಹೊಂದಿದ ಗುಡ್ಡದ ಮೇಲಿನ ಊರು. ಡಾ. ಟಿ. ಎಂ. ಎ. ಪೈಗಳು ೧೯೫೩ರಲ್ಲಿ ವೈದ್ಯಕೀಯ ಕಾಲೇಜನ್ನು ತೆರೆದ ಆ ಸ್ಥಳವು ೧೯೯೩ರಲ್ಲಿ ವಿಶ್ವವಿದ್ಯಾಲಯವೆಂಬ ಮಾನ್ಯತೆಯನ್ನು ಪಡೆಯಿತು. ಅಲ್ಲಿ ಸಂವಹನಶಾಸ್ತ್ರದ ಸಂಸ್ಥೆಯೂ ಮಾನವಿಕ ವಿದ್ಯೆಗಳ ಕೇಂದ್ರವೂ ಇವೆ. ಯಂತ್ರದ ಕೆಲಸವನ್ನು ಮೊದಲನೆಯದರಲ್ಲಿ, ವಿಚಾರದ ಕೆಲಸವನ್ನು ಎರಡನೆಯದರಲ್ಲಿ ಕಾಣಬಹುದು. ವಿಜಯನಾಥ ಶೆಣೈಯವರು ಬೇರೆ ಬೇರೆ ಕಡೆಗಳಿಂದ ಕಳಚಿದ ಹಳೆಯ ಮನೆಗಳನ್ನು ತಂದು ಮರಳಿ ನಿಲ್ಲಿಸಿದ ಹಸ್ತಶಿಲ್ಪ ಗ್ರಾಮವೂ ಮಣಿಪಾಲದಲ್ಲಿಯೇ ಇರುವದು. ವಸ್ತುಗಳ ಮೂಲಕ ಜನಜೀವನವನ್ನು ಓದುವ ಅಭ್ಯಾಸಕ್ಕೆ ಅದು ತಕ್ಕ ಸ್ಥಳ. ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಗುರುಕುಲದ ರೀತಿಯಿಂದ ಹುಡುಗರು ಕಲಿಯುವದನ್ನು ನೋಡಿದಾಗ ನನಗೆ ನಮ್ಮ ಪಾಠಶಾಲೆಯೇ ನೆನಪಾಯಿತು.

ಜಿಲ್ಲೆಯ ಹೊರಗೆ ನೋಡಿದರೆ, ೧೯೪೫ರಲ್ಲಿ ಸ್ಥಾಪಿತವಾದ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಇಲಾಖೆಯ ದಕ್ಷಿಣ ಪ್ರಾದೇಶಿಕ ಕೇಂದ್ರವು ಮೈಸೂರಿನಲ್ಲಿದೆ. ಭೋಪಾಲದ ಮಾನವ ಸಂಗ್ರಹಾಲಯದ ದಕ್ಷಿಣ ಶಾಖೆಯೂ, ೧೯೬೯ರಲ್ಲಿ ಸ್ಥಾಪಿತವಾದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯೂ ಅಲ್ಲಿಯೇ ಇವೆ. ಬೆಂಗಳೂರಿನಲ್ಲಿ ೧೯೯೩ರಿಂದಿರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಎಂಬ ಸಂಸ್ಥೆಯು ಕಲಾಸಂಶೋಧನೆಗೂ ಚಿತ್ರಗಳಿಗೂ ಧನಸಹಾಯವನ್ನು ಕೊಡುತ್ತ ಬಂದಿದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ೨೦೧೧ರಲ್ಲಿ ಹುಟ್ಟಿದ ಜಾನಪದ ವಿಶ್ವವಿದ್ಯಾಲಯವು ನಮಗೆ ಸಮೀಪದ್ದು. ಈಗ ಗುರುಗ್ರಾಮದಲ್ಲಿರುವ ಅಮೇರಿಕನ್ ಇನ್‌ಸ್ಟಿಟ್ಯೂಟಿನ ಸಂಗೀತ ಭಂಡಾರವು ೧೯೮೨ರಿಂದ ಧ್ವನಿಗಳನ್ನು ಕಾಯುವ ಕೆಲಸದಲ್ಲಿರುವದು. ಸರಕಾರದ ಸಾಕ್ಷ್ಯಚಿತ್ರಗಳನ್ನು ೧೯೪೮ರಿಂದ ತೆಗೆಯುತ್ತಿದ್ದ ಫಿಲ್ಮ್ಸ್ ಡಿವಿಜನ್ ಮಾತ್ರ ಈಗ ಪ್ರತ್ಯೇಕವಾಗಿ ಉಳಿದಿಲ್ಲ. ೨೦೨೨ರ ಆಜ್ಞೆಯಿಂದ ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದಲ್ಲಿ ಸೇರಿಹೋಯಿತು. ಈ ಸಂಸ್ಥೆಗಳ ನಿಯಮಗಳೂ ವೇತನಗಳೂ ವರ್ಷದಿಂದ ವರ್ಷಕ್ಕೆ ಮಾರ್ಪಡುವವಾದ ಕಾರಣ ಆಯಾ ವರ್ಷದ ಪ್ರಕಟನೆಯನ್ನು ಓದಿಯೇ ಅರ್ಜಿ ಬರೆಯತಕ್ಕದ್ದು.

ಅರ್ಜಿಯ ವಿಷಯವಾಗಿ ಒಂದು ಎಚ್ಚರಿಕೆ. ನಾನು ಬಲ್ಲ ಒಬ್ಬ ವಿದ್ಯಾರ್ಥಿಯು ಪಟ್ಟಣದ ಒಂದು ಚಿತ್ರಸಂಸ್ಥೆಯಲ್ಲಿ ಮೂರು ತಿಂಗಳು ದುಡಿದನು. ಹಳ್ಳಿಹಳ್ಳಿ ತಿರುಗಿ ಜನರನ್ನು ಒಪ್ಪಿಸಿದವನು ಅವನೇ. ಮಾತುಗಳನ್ನು ಬರೆದವನು ಅವನೇ. ಚಿತ್ರವು ಹೊರಬಂದಾಗ ಅವನ ಹೆಸರಿರಲಿಲ್ಲ. ಬಸ್ಸಿನ ಖರ್ಚು ಸಹ ಬರಲಿಲ್ಲ. ಕೇಳಿದರೆ, “ಕಲಿಯಲು ಅವಕಾಶ ಕೊಟ್ಟದ್ದೇ ಸಂಬಳ” ಎಂದರಂತೆ. ಆದುದರಿಂದ ಎಷ್ಟು ದಿನ, ಏನು ಕೆಲಸ, ಊಟ ವಸತಿ ಪ್ರಯಾಣಗಳ ಹೊಣೆ ಯಾರದು, ಹೆಸರು ಎಲ್ಲಿ ಬರುವದು, ಕೂಡಿಸಿದ ಸಾಮಗ್ರಿಯನ್ನು ನನ್ನ ಪ್ರಬಂಧಕ್ಕೆ ಬಳಸಬಹುದೇ ಎಂಬ ಐದು ಮಾತುಗಳನ್ನು ಮೊದಲೇ ಕಾಗದದ ಮೇಲೆ ಬರೆಯಿಸಿಕೊಳ್ಳಬೇಕು. ಇದರಲ್ಲಿ ಸಂಕೋಚ ಬೇಡ. ಕಾಯಕಕ್ಕೆ ಕೂಲಿಯನ್ನು ಕೇಳುವದು ದುರಾಶೆಯಲ್ಲ.

ಹೋಗತಕ್ಕ ಕಾಲವನ್ನೂ ಅರಿಯಬೇಕು. ನೇಮ ಕೋಲಗಳೂ ಯಕ್ಷಗಾನ ಮೇಳಗಳ ತಿರುಗಾಟವೂ ದೀಪಾವಳಿಯ ಬಳಿಕ ತೊಡಗಿ, ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ನಿಲ್ಲುವವು. ಕಂಬಳಗಳು ಚಳಿಗಾಲದವು. ಹುಲಿವೇಷವು ಕೃಷ್ಣಾಷ್ಟಮಿಗೆ. ಜೂನ್ ೧ರಿಂದ ಜುಲೈ ೩೧ರ ವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯಕೂಡದೆಂಬ ನಿಷೇಧವುಂಟು. ಆಗ ಮೀನುಗಾರರು ದಡದಲ್ಲಿರುವದರಿಂದ ಬಲೆ ಹೆಣೆಯುತ್ತ ಮಾತನಾಡಲು ಅವರಿಗೆ ಬಿಡುವಿರುವದು. ರಜೆಯಿದೆಯೆಂದು ಜೂನಿನಲ್ಲಿ ಕೋಲ ನೋಡಲು ಹೋದವನು ಬರಿಯ ಮಳೆಯನ್ನು ನೋಡಿ ಬರುವನು.

ಇನ್ನು ನೀತಿಯ ಮಾತು. ಇದಿಲ್ಲದೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಕೊರಗರೆಂಬ ಮೂಲನಿವಾಸಿಗಳಿರುವರು. ಸರಕಾರವು ಇವರನ್ನು ವಿಶೇಷವಾಗಿ ದುರ್ಬಲರಾದ ಬುಡಕಟ್ಟುಗಳಲ್ಲಿ ಸೇರಿಸಿದೆ. ಕೂದಲು ಉಗುರುಗಳನ್ನು ಬೆರೆಸಿದ ಅನ್ನವನ್ನು ಇವರಿಗೆ ಉಣ್ಣಿಸಿ, ಕಂಬಳದ ಗದ್ದೆಯಲ್ಲಿ ಇವರನ್ನು ಓಡಿಸಿ, ಅದಕ್ಕೆ ಅಜಲು ಎಂದು ಹೆಸರಿಟ್ಟು ಸಂಪ್ರದಾಯವೆನ್ನುತ್ತಿದ್ದರು. ೨೦೦೦ದಲ್ಲಿ ಕರ್ನಾಟಕದ ಶಾಸನವು ಇದನ್ನು ನಿಷೇಧಿಸಿತು. ಹಿಂದೆ ಮದ್ರಾಸಿನ ವಸ್ತುಸಂಗ್ರಹಾಲಯದ ಥರ್ಸ್ಟನ್ನರು ದಕ್ಷಿಣದ ಜಾತಿ ಬುಡಕಟ್ಟುಗಳ ಮೂಗು ತಲೆಗಳನ್ನು ಅಳೆದು, ೧೯೦೯ರಲ್ಲಿ ಏಳು ಸಂಪುಟಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಕೊರಗರೂ ಇರುವರು, ಲಿಂಗಾಯತರೂ ಇರುವರು. ನಮ್ಮನ್ನು ಯಾರೋ ಅಳೆದು ಬರೆದರೆಂದು ಓದುವಾಗ ನಮಗೆ ಮನಸ್ಸು ಹೇಗಾಗುವದೋ, ಕೊರಗರ ಹುಡುಗನಿಗೂ ಹಾಗೆಯೇ ಆಗುವದಷ್ಟೆ? ಡೋಲು ಬಾರಿಸಿರಿ, ಚಿತ್ರ ಹಿಡಿಯುತ್ತೇವೆಂದು ಹೋಗಿ ನಿಂತರೆ, ನಾವು ಹೊಸ ಯಂತ್ರದೊಂದಿಗೆ ಹಳೆಯ ಅಜಲನ್ನೇ ನಡೆಸಿದಂತೆ. ಅವರ ಶಿಕ್ಷಣ, ಭೂಮಿ, ಆರೋಗ್ಯಗಳ ಮಾತನ್ನು ಅವರೇ ಹೇಳಬಯಸಿದರೆ ಅದನ್ನು ಕೇಳಬೇಕು. ಅವರಲ್ಲಿಯ ಓದಿದ ತರುಣರ ಕೈಯಲ್ಲಿಯೇ ಯಂತ್ರವನ್ನು ಕೊಡುವದು ಇನ್ನೂ ಒಳ್ಳೆಯದು.

ದೈವಾರಾಧನೆಯಲ್ಲಿಯೂ ಇದೇ ಸೂಕ್ಷ್ಮತೆ. ೨೦೨೨ರಲ್ಲಿ ‘ಕಾಂತಾರ’ವೆಂಬ ಚಲಚ್ಚಿತ್ರವು ದೇಶದಾದ್ಯಂತ ಪ್ರಸಿದ್ಧವಾದ ಬಳಿಕ ಕೋಲ ನೋಡಲು ಹೊರಗಿನವರು ಹೆಚ್ಚಾಗಿ ಬರತೊಡಗಿದರು, ವೇದಿಕೆಗಳಲ್ಲಿ ದೈವದ ಅನುಕರಣೆ ಮಾಡಕೂಡದೆಂದು ಆರಾಧಕರು ವಿನಂತಿಸಿಕೊಳ್ಳಬೇಕಾಯಿತು. ಅದು ಕಥಾಚಿತ್ರ, ಅದಕ್ಕೆ ಕಲ್ಪನೆಯ ಸ್ವಾತಂತ್ರ್ಯವುಂಟು. ಸಾಕ್ಷ್ಯಚಿತ್ರಕ್ಕೆ ಆ ಸ್ವಾತಂತ್ರ್ಯವಿಲ್ಲ. ಚಿತ್ರ ಹಿಡಿಯಬಾರದೆಂದು ಹೇಳುವ ಸ್ಥಾನಗಳು ಬಹಳ ಇವೆ. ಅಲ್ಲಿ ಯಂತ್ರವನ್ನು ಚೀಲದಲ್ಲಿಟ್ಟು ಕೈಮುಗಿದು ಕುಳಿತು ನೋಡುವದೇ ಅಭ್ಯಾಸ. ಕಾನೂನಿನ ಮಾತನ್ನೂ ತಿಳಿದಿರಿ: ೧೯೫೭ರ ಕೃತಿಸ್ವಾಮ್ಯದ ಶಾಸನಕ್ಕೆ ೧೯೯೪ರಲ್ಲಿ ಮಾಡಿದ ತಿದ್ದುಪಡಿಯು ಹಾಡುವವರಿಗೂ ಕುಣಿಯುವವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕನ್ನು ಕೊಟ್ಟಿದೆ.

ಕಾಪುವಿನಲ್ಲಿ ನಡೆದ ಒಂದು ಪ್ರಸಂಗವನ್ನು ಹೇಳಿ ಮುಗಿಸುವೆನು. ಸಂಜೆಯ ಹೊತ್ತು ದೀಪಸ್ತಂಭದ ಕಡೆಯಿಂದ ಬರುವಾಗ, ಒಣಮೀನನ್ನು ಬುಟ್ಟಿಗೆ ತುಂಬುತ್ತಿದ್ದ ಒಬ್ಬ ವೃದ್ಧೆಯ ಬಳಿ ನಮ್ಮ ಹುಡುಗರು ನಿಂತು ಮಾತನಾಡಿಸಿದರು. ಆಕೆ ನಕ್ಕು ಎಲ್ಲವನ್ನೂ ಹೇಳಿದಳು. ಹುಡುಗನು ಯಂತ್ರವನ್ನು ಹೊರತೆಗೆದೊಡನೆ ಕೈಯನ್ನು ಅಡ್ಡಹಿಡಿದು, “ನಮ್ಮನ್ನು ಬಹಳ ಜನ ಹಿಡಿದುಕೊಂಡು ಹೋದರು ಮಗಾ. ಹಿಡಿದದ್ದನ್ನು ನಾವಿನ್ನೂ ನೋಡಿಲ್ಲ. ನೀನು ತಂದು ತೋರಿಸುತ್ತೀಯಾ?” ಎಂದಳು. ನಾನು ಮೀನಿನ ವಾಸನೆಗೆ ನಾಲ್ಕು ಮಾರು ದೂರ ನಿಂತಿದ್ದೆನು. ಆ ಮಾತು ಕಿವಿಗೆ ಬಿದ್ದಾಗ ಆ ದೂರವು ನನಗೆ ನಾಚಿಕೆಯೆನಿಸಿತು. ಹತ್ತಿರ ಹೋಗಿ ಕುಳಿತೆನು. ಹುಡುಗನು ಅಂದು ಚಿತ್ರ ಹಿಡಿಯಲಿಲ್ಲ. ನಾಲ್ಕು ದಿನ ಅಲ್ಲಿಯೇ ಹ‍ೋಗಿ ಬುಟ್ಟಿ ಹೊರಲು ನೆರವಾಗಿ, ಐದನೆಯ ದಿನ ಆಕೆಯೇ ಹೇಳಿದ ಮೇಲೆ ಹತ್ತು ನಿಮಿಷದಷ್ಟು ಹಿಡಿದನು. ಧಾರವಾಡಕ್ಕೆ ಮರಳಿ ಅದನ್ನು ಅಳವಡಿಸಿ, ಎರಡು ತಿಂಗಳ ಮೇಲೆ ತನ್ನ ಖರ್ಚಿನಿಂದ ಬಸ್ಸು ಹತ್ತಿ ಹೋಗಿ, ಆಕೆಯ ಮನೆಯ ಜಗುಲಿಯಲ್ಲಿ ಕೇರಿಯವರಿಗೆಲ್ಲ ತೋರಿಸಿ ಬಂದನು. ಆಕೆ ಒಂದು ಸಾಲನ್ನು ತೆಗೆಯಹೇಳಿದಳಂತೆ. ಅದು ಆಕೆಯ ಸೊಸೆಯ ವಿಷಯವಾಗಿ ಬಾಯಿ ಜಾರಿ ಬಂದ ಮಾತು. ಅವನು ತೆಗೆದನು. ಆ ಮಾತಿಲ್ಲದೆ ಚಿತ್ರವು ಸ್ವಲ್ಪ ಸಪ್ಪೆಯಾಯಿತೆಂದು ನನ್ನೊಡನೆ ಅಂದನು. ಆದರೂ ಮನೆ ಕೆಡಲಿಲ್ಲವಲ್ಲಾ ಎಂದು ನಾನು ಹೇಳಿದೆನು.

ಈಗ ಆ ತಂದೆಯ ಪ್ರಶ್ನೆಗೆ ಬರುವೆನು. “ಹೊಟ್ಟೆಗೇನು?” ಇದಕ್ಕೆ ಸುಳ್ಳು ಉತ್ತರವನ್ನು ಕೊಡಲಾರೆನು. ಸಾಕ್ಷ್ಯಚಿತ್ರದಿಂದ ಸಿರಿವಂತರಾದವರನ್ನು ನಾನು ಕಾಣೆನು. ಆದರೆ ಭಂಡಾರಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ, ಸರ್ವೇಕ್ಷಣದಲ್ಲಿ, ಕಾಲೇಜುಗಳಲ್ಲಿ, ಅನುವಾದದಲ್ಲಿ ಈ ವಿದ್ಯೆಗೆ ಸ್ಥಾನವುಂಟು. ಮೊದಲ ಕೆಲವು ವರ್ಷ ಕೈ ಬಿಗಿಹಿಡಿದು ನಡೆಯಬೇಕಾಗುವದು. ಮನೆಯ ಸಾಲದ ಹೊರೆಯಿದ್ದವನು ಒಂದು ಖಚಿತವಾದ ಉದ್ಯೋಗವನ್ನು ಹಿಡಿದು, ರಜೆಯ ದಿನಗಳಲ್ಲಿ ಈ ಕೆಲಸವನ್ನು ಮಾಡಿದರೂ ಹೀನವಲ್ಲ. ಹೊಟ್ಟೆಯ ಪ್ರಶ್ನೆಯನ್ನು ಕೇಳಿದ ತಂದೆಯು ವಿದ್ಯೆಯ ವಿರೋಧಿಯಲ್ಲ. ಅವರ ಚಿಂತೆಯಲ್ಲಿ ನಾಲ್ಕೆಕರೆಯ ಬೆವರಿದೆ. ಆ ಬೆವರನ್ನು ಮರೆತು ಊರೂರು ತಿರುಗುವ ಹುಡುಗನು ಬೇರೆಯವರ ಬೆವರನ್ನಾದರೂ ಹೇಗೆ ಅರಿತಾನು?

ಸನ್ನಿಧಿಯವರಲ್ಲಿಯೂ ಭಕ್ತರಲ್ಲಿಯೂ ನನ್ನದೊಂದು ಬಿನ್ನಹ. ಈ ಮಹೋತ್ಸವದ ನೆನಪಿಗಾಗಿ ಶ್ರೀಮಠದ ಗ್ರಂಥಾಲಯದಲ್ಲಿ ತೇವ ತಟ್ಟದ ಒಂದು ಕಪಾಟು, ಒಂದು ಗಣಕಯಂತ್ರ, ಒಂದು ದಾಖಲೆಯ ಪುಸ್ತಕ ಇಷ್ಟನ್ನು ಇರಿಸಬೇಕು. ನಮ್ಮ ವಿದ್ಯಾರ್ಥಿಗಳು ಎಲ್ಲಿಯೇ ಹೋಗಿ ಏನನ್ನೇ ಹಿಡಿದುತಂದರೂ, ಹಾಡಿದವರ ಅಪ್ಪಣೆಯಿದ್ದಲ್ಲಿ, ಒಂದು ಪ್ರತಿ ಇಲ್ಲಿರಲಿ. ಇನ್ನೊಂದು ಪ್ರತಿ ಹಾಡಿದವರ ಮನೆಯಲ್ಲಿರಲಿ. ನಮ್ಮ ಸುತ್ತಲಿನ ಹಳ್ಳಿಗಳಲ್ಲಿಯೂ ಬೀಸುವ ಪದಗಳನ್ನು ಬಲ್ಲ ತಾಯಂದಿರು ಇನ್ನೂ ನಾಲ್ಕಾರು ಮಂದಿ ಇದ್ದಾರೆ. ದಾಖಲೆಯ ಪುಸ್ತಕದ ಮೊದಲನೆಯ ಪುಟದಲ್ಲಿ, ನಾನು ಕಳೆದುಕೊಂಡ ಆ ನಾಲ್ಕು ಕ್ಯಾಸೆಟ್ಟುಗಳನ್ನೂ ಹಾಡಿದ ಆ ತಾಯಿಯ ಹೆಸರನ್ನೂ ಬರೆದು, ಎದುರಿಗೆ ‘ನಷ್ಟವಾಗಿದೆ’ ಎಂದು ನನ್ನ ಕೈಯಿಂದಲೇ ಬರೆಯಲು ಅಪ್ಪಣೆಯಾಗಬೇಕು. ಎರಡನೆಯ ಪುಟದಿಂದ ಹುಡುಗರು ಬರೆಯಲಿ.